ಚಿಕ್ಕಮ್ಮನ ಎಡಗೈ

ಐರ್ಲೆಂಡಿನ ಡ್ರೋಹೆಡಾದ ನಮ್ಮ ಮನೆಯಲ್ಲಿ ಶನಿವಾರದ ತಿಂಡಿಗೆ ಅಮ್ಮನ ಉಪ್ಪಿಟ್ಟು, ಅದರ ಜೊತೆಗೆ ನೆಂಚಿಕೊಳ್ಳಲು ನನ್ನ ಬಾಯಿ. ಉಪ್ಪಿಟ್ಟು ಯಾರ ಮನೆಯಲ್ಲಾದರೂ ಸಿಗುತ್ತದೆ, ಜನ ಬರುತ್ತಿದ್ದದ್ದು ನನ್ನ ಬಾಯಿಗೇ ಎಂದು ಹದಿನೇಳನೆಯ ವಯಸ್ಸಿನಲ್ಲಿ ನಾನು ಗಟ್ಟಿಯಾಗಿ ನಂಬಿದ್ದೆ. ಎಲ್ಲರಿಗಿಂತ ಮೊದಲೇ ಎದ್ದು ಹೊದಿಕೆಯೊಳಗೆ ಫೋನ್ ಹಿಡಿದು ಅಮೆರಿಕದ ಬೇಸ್‌ಬಾಲ್ ಪಂದ್ಯಗಳ ತುಣುಕು, ಆ ವಾರದ ಬಾಕ್ಸಿಂಗು ಎಲ್ಲ ನೋಡಿ ಮುಗಿಸಿ, ಆಮೇಲೆ ಕೆಳಗಿಳಿದು ಬಂದು ಯಾರು ಗೆದ್ದರು, ಯಾರು ಮನೆಗೆ ಹೋಗುವುದು ಒಳ್ಳೆಯದು ಎಂದು ತೀರ್ಪು ಕೊಡುತ್ತಿದ್ದೆ.

ಕೊಡುತ್ತಿದ್ದದ್ದು ತಾತನ ಕನ್ನಡದಲ್ಲಿ. ಅಮ್ಮನ ಅಪ್ಪ ಮೈಸೂರಿನ ಒಂದು ಗರಡಿಮನೆಯ ಉಸ್ತಾದ್ ಆಗಿದ್ದವರು. ನಮ್ಮ ಜೊತೆ ಇರಲು ಬಂದಾಗ ನನಗೆ ನಾಲ್ಕು ವರ್ಷ. ನನ್ನ ಓರಗೆಯ ಕನ್ನಡದ ಮಕ್ಕಳೆಲ್ಲ ಅಪ್ಪ ಅಮ್ಮ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಾಗ, ನಾನು ಮುದಿ ಪೈಲ್ವಾನನ ಹಾಗೆ ಮಾತಾಡುತ್ತಿದ್ದೆ. ಎರಡು ಜಡೆಯ ಹುಡುಗಿಯ ಬಾಯಲ್ಲಿ ಮೀಸೆ ಹೊತ್ತ ಮಾತು ಬಂದರೆ ಯಾರಿಗೆ ನಗು ಬರುವುದಿಲ್ಲ?

ಮೊದಲು ನಗುತ್ತಿದ್ದವರು ಆಡಮ್ಸ್‌ಟೌನಿನ ಅಂಕಲ್. ಅಪ್ಪನ ಸ್ನೇಹಿತರು, ಸಾಫ್ಟ್‌ವೇರ್ ಕೆಲಸ, ಶನಿವಾರ ಬೆಳಿಗ್ಗೆ ಕಾರು ಹತ್ತಿದರೆ ನೇರ ನಮ್ಮ ಅಡುಗೆಮನೆಗೇ ಬರುವವರು.

"ಏನಮ್ಮ ಪುಟ್ಟಿ, ಇವತ್ತಿನ ಸುದ್ದಿ?"

"ಮೊಣಕೈ ಆಪರೇಷನ್ ಮಾಡಿಸ್ಕೊಂಡೋನು ವಾಪಸ್ ಬಂದಿದಾನೆ ಅಂಕಲ್. ಚೆಂಡು ಎಸೀತಿದಾನೋ, ಸರ್ಕಾರಿ ಆಫೀಸಿಗೆ ಅರ್ಜಿ ಹಾಕ್ತಿದಾನೋ ಗೊತ್ತಾಗಲ್ಲ. ಅಷ್ಟು ನಿಧಾನಕ್ಕೆ ಹೋಗುತ್ತೆ."

"ಬ್ಯಾಟಿಂಗ್ ಮಾಡೋನು?"

"ಅವನು ಬೀಸಿದ್ರೆ ಮೈದಾನದಲ್ಲಿ ಸೊಳ್ಳೆ ಕಮ್ಮಿ ಆಗ್ತವೆ. ಅಷ್ಟೇ ಉಪಯೋಗ."

"ಬಾಕ್ಸಿಂಗು?"

"ನಲವತ್ತು ದಾಟಿದೋನೊಬ್ಬ ಮತ್ತೆ ರಿಂಗಿಗೆ ಇಳೀತೀನಿ ಅಂತಿದಾನೆ. ಮುದಿ ಎತ್ತಿಗೆ ಗೆಜ್ಜೆ ಕಟ್ಟಿದ ಹಾಗೆ. ಬಿದ್ದಾಗ ಸದ್ದಾದ್ರೂ ಚೆನ್ನಾಗಿ ಬರುತ್ತೆ."

ಅಂಕಲ್ ತಟ್ಟೆ ಮೇಜಿನ ಮೇಲಿಟ್ಟು ನಗುತ್ತಿದ್ದರು. ಅಮ್ಮ "ಬಾಯಿ ನೋಡು" ಎಂದು ಗದರುತ್ತಲೇ ಇನ್ನೊಂದು ಸೌಟು ಬಡಿಸುತ್ತಿದ್ದಳು. ತಾತನೂ ನಗುತ್ತಿದ್ದರು, ಆದರೆ ಕೊನೆಗೊಂದು ಮಾತು ಸೇರಿಸುತ್ತಿದ್ದರು: "ನಮ್ಮ ಗರಡೀಲಿ ಆಗಿದ್ರೆ ನಿನ್ನನ್ನೇ ಮಟ್ಟಿಗೆ ಇಳಿಸ್ತಿದ್ದೆ ಕಣೇ, ಕೂಸೇ."

ಮಟ್ಟಿ ಎಂದರೆ ಕುಸ್ತಿಯಾಡುವ ಕೆಂಪು ಮಣ್ಣಿನ ಅಂಕಣ. ಅಲ್ಲಿ ಯಾರ ಮೇಲೆ ಯಾರು ಎಂದು ನೋಡಿ ನಿರ್ಧರಿಸುವುದನ್ನು ಜೋಡಿ ಕಟ್ಟುವುದು ಎನ್ನುತ್ತಿದ್ದರು. ಉಸ್ತಾದ್ ಇಬ್ಬರ ಕೈ ಸೇರಿಸಿದರೆ ಮುಗಿಯಿತು, ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ತಾತನ ಗರಡಿಯಲ್ಲಿ ಇನ್ನೂ ಒಂದು ಕಟ್ಟಳೆ ಇತ್ತಂತೆ. ಬಿದ್ದವನನ್ನು ನೋಡಿ ಅಂಚಿನಲ್ಲಿ ನಿಂತು ನಕ್ಕವನ ಅಂಗಿ ಬಿಚ್ಚಿಸಿ, ಆ ಬಿದ್ದವನ ಜೊತೆಗೇ ಅವನ ಜೋಡಿ ಕಟ್ಟುತ್ತಿದ್ದರು. ಅದನ್ನು ಕೇಳಿ ನಾನು ಇನ್ನಷ್ಟು ನಗುತ್ತಿದ್ದೆ. ಐರ್ಲೆಂಡಿನಲ್ಲಿ ಮಟ್ಟಿ ಎಲ್ಲಿದೆ?

ಆ ವರ್ಷ ಚಿಕ್ಕಮ್ಮ ನಮ್ಮ ಮನೆಯಲ್ಲಿದ್ದಳು. ಅಮ್ಮನ ತಂಗಿ, ಮೂವತ್ತಮೂರು ವರ್ಷ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮದುವೆ ಮುರಿದು ಬಂದವಳು. ಆ ವಿಷಯ ಯಾರೂ ಎತ್ತುತ್ತಿರಲಿಲ್ಲ, ಅವಳೂ ಎತ್ತುತ್ತಿರಲಿಲ್ಲ. ಹೊಳೆಯ ಆಚೆಗಿನ ಬಾಕ್ಸಿಂಗ್ ಕ್ಲಬ್ಬಿಗೆ ತೂಕ ಇಳಿಸಲು ಎಂದು ಹೋದವಳು ಒಂದು ದಿನ ಉಪ್ಪಿಟ್ಟಿನ ಮುಂದೆ ಹೇಳಿದಳು:

"ನಂಗೊಂದು ಬೌಟ್ ಕೊಟ್ಟಿದಾರೆ. ಲೆಟರ್‌ಕೆನ್ನಿ ಊರಿನ ಹುಡುಗಿ ಎದುರಾಳಿ. ಎರಡೆರಡು ನಿಮಿಷದ್ದು ಮೂರು ಸುತ್ತು."

"ಯಾವ ವಯಸ್ಸಿಗೆ ಯಾವ ಆಟ!" ಎಂದಳು ಅಮ್ಮ. ಅಂಕಲ್ ನನ್ನ ಮುಖ ನೋಡಿದರು. ಸುದ್ದಿ ಬೇಕಿತ್ತು ಅವರಿಗೆ. ಕೊಟ್ಟೆ.

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರೆ. ನಮ್ಮ ಚಿಕ್ಕಮ್ಮಂಗೆ ಹಾಗೆ ಹೇಳ್ಕೊಳ್ಳೋಕೆ ಮೀಸೇನೂ ಇಲ್ಲ ಅಂಕಲ್."

ಅಂಕಲ್ ಕೆಮ್ಮುವಷ್ಟು ನಕ್ಕರು. ಚಿಕ್ಕಮ್ಮನೂ ನಕ್ಕಳು. ನಗುತ್ತಲೇ ತಾತನ ಕಡೆ ತಿರುಗಿದಳು.

"ಅಪ್ಪ, ನೀನು ಬರ್ಬೇಕು."

ತಾತ ಚಹಾ ಊದುತ್ತ ಕುಳಿತರು. ಕೂಡಲೇ ಹೂಂ ಅನ್ನದ್ದು ಯಾಕೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಚಿಕ್ಕಮ್ಮ ಹನ್ನೊಂದು ವರ್ಷದವಳಿದ್ದಾಗ ಲಂಗ ಎತ್ತಿಕಟ್ಟಿ ಗರಡಿಯ ಹೊಸ್ತಿಲು ದಾಟಲು ಹೋಗಿದ್ದಳಂತೆ. ಊರ ಮಕ್ಕಳಿಗೆಲ್ಲ ಜೋಡಿ ಕಟ್ಟುತ್ತಿದ್ದ ತಾತ ಸ್ವಂತ ಮಗಳ ರಟ್ಟೆ ಹಿಡಿದು ಎಲ್ಲರ ಎದುರೇ ಬೀದಿಗೆ ಬಿಟ್ಟಿದ್ದರು. ಅವರ ಕೋಣೆಯಲ್ಲಿ, ದೇವರ ಪಟದ ಮುಂದೆ, ಒಂದು ಕುಂಕುಮದ ಭರಣಿಯಿತ್ತು. ಅದರೊಳಗೆ ಇದ್ದದ್ದು ಕುಂಕುಮವಲ್ಲ, ಆ ಗರಡಿಯ ಮಣ್ಣು. ಗೆದ್ದ ಹುಡುಗರ ಹಣೆಗೆ ಅವರು ಹಚ್ಚುತ್ತಿದ್ದ ಮಣ್ಣು.

"ಮೂರು ಸುತ್ತು ಮುಗಿಯೋವರೆಗೂ ಕಾಲ ಮೇಲೆ ನಿಂತಿದ್ರೆ," ಎಂದರು ತಾತ ಕೊನೆಗೆ, "ಗೆಲ್ಲೋದೇನೂ ಬೇಡ, ನಿಂತಿದ್ರೆ ಸಾಕು. ಹಣೆಗೆ ಮಟ್ಟಿ ಮಣ್ಣು ಇಡ್ತೀನಿ."

"ಮಾತು?"

"ಮಾತು ಅಂದ್ರೆ ಮಾತೇ."

ಅಂದಿನಿಂದ ಚಿಕ್ಕಮ್ಮ ಬೇರೆಯೇ ಆದಳು. ಡ್ಯೂಟಿ ಮುಗಿಸಿ ಬಂದವಳು ಬೂಟು ಬದಲಾಯಿಸಿ ಓಡಲು ಹೋಗುತ್ತಿದ್ದಳು. ಅನ್ನ ಬಿಟ್ಟಳು. ಒಂದು ಸಂಜೆ ನನ್ನನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಿ ಫೋನ್ ಕೈಗಿತ್ತಳು.

"ಇವತ್ತು ಸ್ಪಾರಿಂಗ್ ಐತೆ. ವಿಡಿಯೊ ತೆಗಿ. ಎಲ್ಲಿ ತಪ್ಪು ಮಾಡ್ತಿದೀನಿ ನೋಡಿ ಹೇಳು. ನೀನು ಸಾವಿರ ಫೈಟ್ ನೋಡಿರೋಳು, ನಾಚ್ಕೋಬೇಡ."

ತಪ್ಪು ನನಗೆ ಮೊದಲ ನಿಮಿಷದಲ್ಲೇ ಕಂಡಿತು. ಎಡಗೈಯಲ್ಲಿ ಹೊಡೆದ ಮೇಲೆ ಆ ಕೈ ಕೆನ್ನೆಯ ಕಾವಲಿಗೆ ಹಿಂತಿರುಗಬೇಕು. ಚಿಕ್ಕಮ್ಮನದು ಸೊಂಟದ ಹತ್ತಿರಕ್ಕೆ ಹೋಗುತ್ತಿತ್ತು, ತುಂಬಿದ ಬಿಂದಿಗೆ ಇಳಿಸುವವಳ ಹಾಗೆ. ಪ್ರತಿ ಸಲವೂ. ಅವಳ ಜೊತೆ ಅಭ್ಯಾಸಕ್ಕೆ ಆಡುತ್ತಿದ್ದ ಹುಡುಗಿ ಅದನ್ನು ಗಮನಿಸುವಷ್ಟು ಚುರುಕಾಗಿರಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಚಿಕ್ಕಮ್ಮ ಕೇಳಿದಳು. "ಹೆಂಗಿತ್ತು? ನಿಜ ಹೇಳು."

"ಗ್ರ್ಯಾಂಡ್ ಐತೆ ಚಿಕ್ಕಮ್ಮ."

ಯಾಕೆ ಹಾಗೆಂದೆ ಎಂದು ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಅವಳ ಮನಸ್ಸು ನೋಯಬಾರದೆಂದು ಎನ್ನಲು ಬಾಯಿ ಬರುತ್ತದೆ, ಆದರೆ ಅದು ಸುಳ್ಳು. ಆಟ ನೋಡುವವರಿಗೆ ಒಂದು ಕೆಟ್ಟ ಹಸಿವಿರುತ್ತದೆ: ತಾನು ಹೇಳಿದ್ದೇ ಆಗಬೇಕು ಎಂಬ ಹಸಿವು. ಅವಳು ಬೀಳುತ್ತಾಳೆ ಎಂದು ನಾನಾಗಲೇ ಎಲ್ಲರೆದುರು ಹೇಳಿಯಾಗಿತ್ತು. ಎಡಗೈ ಸರಿಹೋದರೆ ನನ್ನ ಮಾತು ಸುಳ್ಳಾಗುತ್ತಿತ್ತು.

ಅವಳಿಗೆ ಹೇಳದೆ ಬಿಟ್ಟದ್ದನ್ನು ಆ ಸಂಜೆಯೇ ಲೋಕಕ್ಕೆ ಹೇಳಿದೆ. ನನ್ನದೊಂದು ಪುಟ್ಟ ಚಾನೆಲ್ ಇತ್ತು, ಬಾಕ್ಸಿಂಗ್ ಬೇಸ್‌ಬಾಲ್ ಬಗ್ಗೆ ಇಂಗ್ಲಿಷಿನಲ್ಲಿ ಮೂರು ಮೂರು ನಿಮಿಷ ಹರಟುವುದು. ವಿಡಿಯೊವನ್ನು ನನ್ನ ಫೋನಿಗೆ ಕಳಿಸಿಕೊಂಡು ಅದರಲ್ಲಿ ಹಾಕಿ, ಎಡಗೈ ಇಳಿಯುವಾಗಲೆಲ್ಲ ನಿಲ್ಲಿಸಿ, ಕೆಂಪು ಬಾಣ ಬರೆದು, ಇಂಥವರನ್ನು ಬೀಳಿಸಲು ಬಲಗೈಯ ಒಂದು ಏಟು ಸಾಕು ಎಂದು ವಿವರಿಸಿದೆ. ನನ್ನ ಚಿಕ್ಕಮ್ಮ ಎಂದೂ ಹೇಳಿದೆ, ಯಾವ ಊರಿನ ಕ್ಲಬ್ಬು ಎಂದೂ ಹೇಳಿದೆ. ಎಂದೂ ಇಲ್ಲದಷ್ಟು ಜನ ನೋಡಿದರು. ಆ ಖುಷಿಗೆ ಆವತ್ತು ಎರಡು ತಟ್ಟೆ ಊಟ ಮಾಡಿದೆ.

ಬೌಟ್ ನಡೆದದ್ದು ಒಂದು ಭಾನುವಾರ ಮಧ್ಯಾಹ್ನ, ಊರಿನ ಸಮುದಾಯ ಭವನದಲ್ಲಿ. ಒಂದು ಬದಿಗೆ ಚಹಾ, ಸ್ಯಾಂಡ್‌ವಿಚ್ಚು, ನಡುವೆ ರಿಂಗು. ತಾತ ಬಿಳಿ ಜುಬ್ಬಾದ ಮೇಲೆ ದಪ್ಪ ಕೋಟು ತೊಟ್ಟು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಕೋಟಿನ ಜೇಬು ಉಬ್ಬಿತ್ತು. ಭರಣಿ ಎಂದು ನನಗೆ ಗೊತ್ತಿತ್ತು.

ಮೊದಲ ಸುತ್ತು ಚಿಕ್ಕಮ್ಮ ಚೆನ್ನಾಗಿಯೇ ಆಡಿದಳು. ಲೆಟರ್‌ಕೆನ್ನಿಯ ಹುಡುಗಿ ಉದ್ದನೆಯವಳು, ಅವಸರವಿಲ್ಲದವಳು. ಏನನ್ನೋ ಕಾಯುತ್ತಿದ್ದಳು. ಏನನ್ನು ಕಾಯುತ್ತಿದ್ದಾಳೆ ಎಂದು ಆ ಇಡೀ ಭವನದಲ್ಲಿ ತಿಳಿದಿದ್ದವರು ಅವಳು, ಅವಳ ಕೋಚು, ಮತ್ತು ನಾನು. ತಾತ ನನ್ನ ಮೊಣಕೈ ಹಿಡಿದು "ಒಂದು ಆಯ್ತು" ಎಂದರು. ಅವರ ಬೆರಳು ಬಿಸಿಯಾಗಿದ್ದವು.

ಎರಡನೆಯ ಸುತ್ತಿನ ನಡುವೆ ಚಿಕ್ಕಮ್ಮನ ಎಡಗೈ ಮುಂದೆ ಹೋಯಿತು, ಹೊಡೆಯಿತು, ಬಿಂದಿಗೆ ಇಳಿಸಲು ಕೆಳಗೆ ಹೊರಟಿತು. ನಾನು ಬಾಯೊಳಗೇ "ಈಗ" ಎಂದೆ. ಅಂದದ್ದೇ ತಡ, ಬಲಗೈ ಬಂತು. ಮೊದಲು ನನ್ನ ಹೊಟ್ಟೆಯಲ್ಲಿ ಎದ್ದದ್ದು ಸಂತೋಷ. ಅದನ್ನು ಮುಚ್ಚಿಟ್ಟು ಬರೆಯಲು ಮನಸ್ಸಿಲ್ಲ. ಚಿಕ್ಕಮ್ಮ ಮೊಣಕಾಲೂರಿ, ಆಮೇಲೆ ಅಂಗೈಯೂರಿ, ಕೆಳಗೇನೋ ಕಳೆದುಹೋದದ್ದನ್ನು ಹುಡುಕುವವಳಂತೆ ನೆಲ ನೋಡುತ್ತಿದ್ದಳು. ಎದ್ದಳು. ಮತ್ತೆ ಎಡಗೈ ಚಾಚಿದಳು, ಮತ್ತೆ ಅದೇ ಜಾಗಕ್ಕೆ ಅದೇ ಏಟು. ರೆಫರಿ ನಡುವೆ ಬಂದು ಕೈಯಾಡಿಸಿ ನಿಲ್ಲಿಸಿದ.

ತಾತನ ಕೈ ಕೋಟಿನ ಜೇಬಿನ ಮೇಲೆಯೇ ಇತ್ತು. ಒಳಗೆ ಹೋಗಲಿಲ್ಲ.

ಹೊರಗಿನ ಓಣಿಯಲ್ಲಿ ಗೆದ್ದ ಹುಡುಗಿ ಓಡಿಬಂದು ಚಿಕ್ಕಮ್ಮನನ್ನು ತಬ್ಬಿಕೊಂಡಳು. ಒಳ್ಳೆಯ ಹುಡುಗಿ, ಮನಸ್ಸಿನಲ್ಲಿ ಏನೂ ಇಲ್ಲದವಳು. ನನ್ನನ್ನು ನೋಡಿ ಕಣ್ಣರಳಿಸಿ, ಚಾನೆಲ್ಲಿನ ಹುಡುಗಿ ನೀನೇ ಅಲ್ಲವಾ, ನಿನ್ನ ವಿಡಿಯೊವನ್ನು ನಮ್ಮ ಕೋಚ್ ಹತ್ತು ಸಲ ಹಾಕಿ ತೋರಿಸಿದರು, ಇದಕ್ಕೆ ನಿನಗೇ ಥ್ಯಾಂಕ್ಸ್ ಹೇಳಬೇಕು ಎಂದು ನನ್ನ ಭುಜ ತಟ್ಟಿ ಹೋದಳು.

ಚಿಕ್ಕಮ್ಮ ಕೆನ್ನೆಗೆ ಒತ್ತಿಕೊಂಡಿದ್ದ ಐಸ್ ಚೀಲ ತೆಗೆದು ನನ್ನನ್ನು ನೋಡಿದಳು. ಒಂದು ಕಣ್ಣು ಆಗಲೇ ಮುಚ್ಚುತ್ತಿತ್ತು. ಇನ್ನೊಂದರಲ್ಲಿ ನೋಡಿದಳು. ಚೀಲವನ್ನು ಮತ್ತೆ ಒತ್ತಿಕೊಂಡು ಕಾರಿನ ಕಡೆ ನಡೆದಳು.

ಶನಿವಾರ ಬಂತು, ಉಪ್ಪಿಟ್ಟು ಬಂತು, ಅಂಕಲ್ ಬಂದರು. "ಏನಮ್ಮ ಪುಟ್ಟಿ, ಇವತ್ತು ಸುದ್ದಿ ಇಲ್ವಾ?"

ನಾನು ಅಮೆರಿಕದ ಯಾವುದೋ ತಂಡ ಸತತವಾಗಿ ಸೋಲುತ್ತಿರುವುದನ್ನು ಹೇಳತೊಡಗಿದೆ.

"ಬೇಸ್‌ಬಾಲ್ ಆಮೇಲೆ," ಎಂದಳು ಚಿಕ್ಕಮ್ಮ. ಕಣ್ಣಿನ ಸುತ್ತ ನೇರಳೆ ಬಣ್ಣ ಹಳದಿಗೆ ತಿರುಗುತ್ತಿತ್ತು. "ಬಾಕ್ಸಿಂಗ್ ಹೇಳು. ಭಾನುವಾರದ್ದು."

"ಬೇಡ ಚಿಕ್ಕಮ್ಮ. ನೀನು ಚೆನ್ನಾಗೇ..."

"ಚೆನ್ನಾಗಿತ್ತು ಅಂತ ಹೇಳೋಕೆ ಅಕ್ಕ ಇದಾಳೆ. ನೀನು ಹೇಳೋ ಹಾಗೆ ಹೇಳು. ಬಾಣ ಹಾಕಿ ಹೇಳು."

ಹೇಳಿದೆ. ಬಿಂದಿಗೆಯನ್ನೂ ಹೇಳಿದೆ. ಬಿಂದಿಗೆಗೆ ಅಂಕಲ್ ನಕ್ಕುಬಿಟ್ಟರು, ಪಾಪ, ಅಭ್ಯಾಸ. ನಕ್ಕವರು ಸುತ್ತ ನೋಡಿ ಚಮಚ ಕೈಗೆತ್ತಿಕೊಂಡರು.

ತಾತ ಕೇಳಿದರು. "ಎಡಗೈ ವಿಚಾರ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು ತಾತ."

"ಇವಳಿಗೆ ಹೇಳಿದ್ಯಾ?"

"ಇಲ್ಲ."

"ಆ ಕಡೆಯೋರಿಗೆ?"

ಚಿಕ್ಕಮ್ಮನೇ ಫೋನಿನಲ್ಲಿ ನನ್ನ ವಿಡಿಯೊ ತೆಗೆದು ತಾತನ ಮುಂದೆ ಹಿಡಿದಳು. ತಾತನಿಗೆ ನನ್ನ ಇಂಗ್ಲಿಷ್ ಅರ್ಥವಾಗುವುದಿಲ್ಲ. ಕೆಂಪು ಬಾಣ ಅರ್ಥವಾಯಿತು. ಪೂರ್ತಿ ನೋಡಿ, ಕೈ ತೊಳೆದು ಬಂದು, ನನ್ನ ಬಲಗೈಯನ್ನೂ ಚಿಕ್ಕಮ್ಮನ ಬಲಗೈಯನ್ನೂ ಹಿಡಿದು ಒಂದರ ಮೇಲೊಂದು ಇಟ್ಟರು.

"ಜೋಡಿ ಕಟ್ಟಿದೀನಿ. ಇಳೀರಿ."

"ಅಪ್ಪ, ಒಂದು ತಿಂಗ್ಳು ಏಟು ತಿನ್ಬಾರ್ದು ಅಂತ ಡಾಕ್ಟರು ಹೇಳಿದಾರೆ ಇವಳಿಗೆ!" ಎಂದು ಅಮ್ಮ ಅಡ್ಡ ಬಂದಳು.

"ತಿನ್ಬಾರ್ದು ಅಂದಿದಾರೆ ಅಕ್ಕ," ಎಂದಳು ಚಿಕ್ಕಮ್ಮ ಗ್ಲವ್ಸ್ ಹುಡುಕುತ್ತ. "ಕೊಡಬಾರ್ದು ಅಂದಿಲ್ಲ."

ಹಿತ್ತಲ ಹುಲ್ಲು ಒದ್ದೆಯಾಗಿತ್ತು. ಅವಳೇ ನನ್ನ ಕೈಗೆ ಗ್ಲವ್ಸ್ ಕಟ್ಟಿದಳು, ಮಗುವಿಗೆ ಸ್ವೆಟರ್ ಹಾಕುವಷ್ಟು ಮೆತ್ತಗೆ. "ಎಡಗೈಲಿ ನನ್ನ ಅಂಗೈಗೆ ಹೊಡಿ. ಹೊಡೆದು ಕೆನ್ನೆಗೆ ವಾಪಸ್ ತಾ. ಅಷ್ಟೇ. ನಿಂಗೆ ಗೊತ್ತಿರೋದೇ."

ಮೊದಲ ಹತ್ತು ಸರಿಯಾಗಿ ಬಂದವು. ಇಪ್ಪತ್ತಕ್ಕೆ ತೋಳಿನೊಳಗೆ ಸೀಸ ಸುರಿದಂತಾಯಿತು. ಸಾವಿರ ಫೈಟ್ ನೋಡಿದ ನನಗೆ ಕೈಗೂ ತೂಕವಿದೆ ಎಂದು ಯಾರೂ ಹೇಳಿರಲಿಲ್ಲ. ಅದು ತಾನಾಗಿಯೇ ಕೆಳಗಿಳಿಯಿತು. ಇಳಿದಾಗ ಕೆನ್ನೆಗೊಂದು ಟಪ್ಪೆಂದು ಬಿತ್ತು. ಮೆತ್ತಗೆ. ಮತ್ತೆ ಇಳಿಯಿತು, ಅದೇ ಜಾಗಕ್ಕೆ ಇನ್ನೊಂದು, ಸ್ವಲ್ಪ ಗಟ್ಟಿ. ನಾನು ಅಳುತ್ತಿದ್ದೆ, ಅವಳು ಎಣಿಸುತ್ತಿದ್ದಳು. ಕೊನೆಯದಕ್ಕೆ ಹುಲ್ಲಿನ ಮೇಲೆ ಕುಳಿತುಬಿಟ್ಟೆ. ತುಟಿಯ ಒಳಗೆ ಉಪ್ಪು ರುಚಿ.

ಗಾಜಿನ ಬಾಗಿಲಲ್ಲಿ ಅಂಕಲ್ ತಟ್ಟೆ ಹಿಡಿದು ನಿಂತಿದ್ದರು. "ಏನ್ ಪುಟ್ಟಿ, ಮೀಸೆ ಮಣ್ಣಾಯ್ತಾ?" ಎಂದು ಕೂಗಿ ನಕ್ಕರು. ಬಾಯಿ ತೆರೆದ ಆ ಮುಖವನ್ನು ನೆಲದಿಂದ ನೋಡಿದೆ. ಶನಿವಾರ ಶನಿವಾರವೂ ನನ್ನದೂ ಹೀಗೇ ಕಾಣುತ್ತಿದ್ದಿರಬೇಕು.

ತಾತ ನಿಧಾನಕ್ಕೆ ಅತ್ತ ತಿರುಗಿದರು. "ನೀವೂ ನಕ್ಕಿರಿ. ತಟ್ಟೆ ಇಟ್ಟು ಬರ್ತೀರಾ?"

ಅಂಕಲ್ ಬಾಗಿಲು ಎಳೆದುಕೊಂಡರು.

ಆಮೇಲೆ ತಾತ ಜುಬ್ಬಾದ ಜೇಬಿನಿಂದ ಭರಣಿ ತೆಗೆದರು. ಮುಚ್ಚಳ ತಿರುವಿ, ಚಿಟಿಕೆ ಮಣ್ಣು ಹಿಡಿದು, ಮಗಳ ಹಣೆಯ ಹತ್ತಿರ ಕೈ ತಂದರು. ಚಿಕ್ಕಮ್ಮ ಮುಖ ಪಕ್ಕಕ್ಕೆ ತಿರುಗಿಸಿದಳು.

"ಮುಚ್ಚಿಡು ಅಪ್ಪ. ಮೂರು ಸುತ್ತು ಅಂತ ಮಾತಾಗಿತ್ತು. ನಾನು ನಿಂತಿದ್ದು ಒಂದೂವರೆ."

"ಇರ್ಲಿ ತಗೋ, ಮಗಳೇ."

"ಆವತ್ತು ಹೊಸ್ತಿಲಲ್ಲಿ ಇರ್ಲಿ ಅಂದ್ಯಾ? ಮಾತು ಅಂದ್ರೆ ಮಾತೇ."

ತಾತ ಕೈ ಕೆಳಗಿಳಿಸಲೂ ಆಗದೆ, ಮೇಲೆ ಹಿಡಿಯಲೂ ಆಗದೆ, ಬೆರಳ ನಡುವಿನ ಮಣ್ಣು ಉದುರದಂತೆ ನೋಡಿಕೊಳ್ಳುತ್ತ ನಿಂತರು. ಅವಳು ಅವರನ್ನು ಅಲ್ಲೇ ಬಿಟ್ಟು ನನ್ನ ಕಡೆ ಬಂದಳು. ಕೈ ಚಾಚಿ ಎಬ್ಬಿಸುತ್ತಾಳೆ ಎಂದುಕೊಂಡೆ. ಬೂಟಿನ ತುದಿಯಿಂದ ನನ್ನ ಗ್ಲವ್ಸ್ ತಟ್ಟಿದಳು.

"ಏಳು. ಇನ್ನೂ ಎರಡು ಸುತ್ತು ಐತೆ. ಎಡಗೈ ಮೇಲೆ."