ದವನ ಕಿತ್ತವರು ಯಾರು

ನಮ್ಮ ಹಿತ್ತಲದಲ್ಲಿ ಕೇಳಿ ತಂದ ಗಿಡ ಒಂದೂ ಇರಲಿಲ್ಲ. ಎಲ್ಲವೂ ಕದ್ದು ತಂದವು. ಸುರಪುರದ ನಮ್ಮ ಓಣಿಯಲ್ಲಿ ಅದೇ ಪದ್ಧತಿ. ಕೇಳಿ ಒಯ್ದ ಸಸಿ ಹತ್ತುವುದಿಲ್ಲ, ಕದ್ದು ಒಯ್ದದ್ದೇ ಹತ್ತುತ್ತದೆ ಎನ್ನುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಒಬ್ಬಳು ಇನ್ನೊಬ್ಬಳ ಹಿತ್ತಲಕ್ಕೆ ಬರುವಳು. ಮನೆಯವಳು ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಬಿದ್ದುಕೊಳ್ಳುವಳು. ಬಂದವಳು ಬೆರಳುದ್ದದ ಒಂದು ಕುಡಿಯನ್ನೋ, ಬೇರಿಗೆ ಮಣ್ಣು ಹತ್ತಿದ ಒಂದು ಮರಿಯನ್ನೋ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುವಳು. ತಾಯಿಗಿಡವನ್ನು ಮಾತ್ರ ಮುಟ್ಟುವಂತಿಲ್ಲ. ಮರುದಿನ ಬಾವಿಯ ಹತ್ತಿರ ಮಾತು:

"ನಿನ್ನೆ ನಮ್ಮ ಹಿತ್ತಲಕ್ಕ ಬೆಕ್ಕು ಬಂದಿತ್ತವ್ವಾ."

"ಹಾಲು ಕುಡಿದು ಹೋತೇನು?"

"ಇಲ್ಲಬಿಡು, ಮರುಗ ತಿಂದು ಹೋತು."

ಎಲ್ಲರೂ ನಗುತ್ತಿದ್ದರು. ಅಷ್ಟಕ್ಕೆ ಮುಗಿಯಿತು.

ಮೊಮ್ಮಕ್ಕಳೇ, ಇದನ್ನು ಮೊದಲು ಹೇಳಲು ಕಾರಣವಿದೆ. ಹೋದ ತಿಂಗಳು ಮದುವೆ ಮನೆಯಲ್ಲಿ ನಿಮ್ಮ ಅಪ್ಪಂದಿರು ಪಂಕ್ತಿಯಲ್ಲಿ ಕುಳಿತು, 'ನಮ್ಮ ಹಿತ್ತಲದ ಕಳ್ಳಿ' ಎಂದು ಒಬ್ಬ ಮುದುಕಿಯ ಕಥೆ ಹೇಳಿ ನಿಮ್ಮನ್ನು ನಗಿಸಿದರು. ನಾನು ಹೋಳಿಗೆ ಬಡಿಸುತ್ತಿದ್ದೆ. ನಾಲ್ಕು ಮಂದಿಯ ಮುಂದೆ ನನಗೆ ಬಾಯಿ ಬರುವುದಿಲ್ಲ, ಎಂದೂ ಬರಲಿಲ್ಲ. ಬುಟ್ಟಿಯನ್ನು ಅಲ್ಲೇ ಇಟ್ಟು ಒಳಗೆ ಹೋದೆ. ಅಂದು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ತವರೂರು ದೇವಾಪುರದ ಸಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕಲಿತ ಅಕ್ಷರ ಇದಕ್ಕಾದರೂ ಉಪಯೋಗಕ್ಕೆ ಬರಲಿ. ನೀವು ನಕ್ಕ ಕಥೆ ಸುಳ್ಳು. ಆ ಸುಳ್ಳನ್ನು ಮೊದಲು ಹೇಳಿದವರು ನಿಮ್ಮ ಅಪ್ಪಂದಿರ ಅಜ್ಜ, ನನ್ನ ಮಾವ.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನಿಜಾಮನ ರಾಜ್ಯ ಹೋಗಿ ಬಹಳ ದಿನವಾಗಿರಲಿಲ್ಲ. ಸಾಲೆಯ ಉರ್ದು ಫಲಕಕ್ಕೆ ಸುಣ್ಣ ಬಳಿದು ಅದರ ಮೇಲೆ ಕನ್ನಡದಲ್ಲಿ ಬರೆದಿದ್ದರು. ಹಳೆಯ ಅಕ್ಷರ ಸುಣ್ಣದ ಕೆಳಗೆ ಇನ್ನೂ ಕಾಣುತ್ತಿತ್ತು. ನಿಮ್ಮ ಅಜ್ಜ ಶಹಾಪುರದಲ್ಲಿ ಮಾಸ್ತರಿಕೆ ಮಾಡುತ್ತಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಇರುತ್ತಿದ್ದವರು ಮಾವ, ಅತ್ತೆ, ನಾನು.

ನಮ್ಮ ಹಿತ್ತಲಕ್ಕೆ ಹತ್ತಿದ ಮನೆ ಒಬ್ಬ ಸೂಲಗಿತ್ತಿಯದು. ಮುಸಲ್ಮಾನರಾಕೆ, ವಿಧವೆ. ಇದ್ದೊಬ್ಬ ಮಗ ನಿಜಾಮನ ರಾಜ್ಯ ಹೋಗುವಾಗಿನ ಗದ್ದಲದ ದಿನಗಳಲ್ಲಿ ಹೈದರಾಬಾದಿನ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಇಡೀ ಓಣಿ ಆಕೆಯನ್ನು ಖಾಲಾ, ಅಂದರೆ ಚಿಕ್ಕವ್ವ ಎಂದು ಕರೆಯುತ್ತಿತ್ತು. ನಿಮ್ಮ ಅಜ್ಜ ಹುಟ್ಟಿದಾಗ ಮೊದಲು ಕೈಯಲ್ಲಿ ಹಿಡಿದವಳು ಆಕೆ. ಕೂಸಿಗೆ ಬಜೆ ತೇಯ್ದು ನೆಕ್ಕಿಸುವುದು, ಬಾಣಂತಿಗೆ ಸಬ್ಬಸಿಗೆ, ಕೆಮ್ಮಿಗೆ ಆಡುಸೋಗೆ, ಎಲ್ಲ ಆಕೆಯ ಕೈಯಿಂದಲೇ. ನನಗೆ ಹಿತ್ತಲದ ಕೆಲಸ ಕಲಿಸಿದವಳೂ ಆಕೆಯೇ. "ಗಿಡಕ್ಕ ನೀರ ಹಾಕೂದಲ್ಲ ಬೇಟಿ, ಮಣ್ಣಿಗೆ ಹಾಕೂದು. ಗಿಡ ತಾನ ಕುಡೀತದ," ಎನ್ನುತ್ತಿದ್ದಳು.

ಬಾವಿ ನಮ್ಮ ಹಿತ್ತಲದಲ್ಲಿತ್ತು. ಎರಡೂ ಮನೆಯ ಹಿರಿಯರು ಕೂಡಿ ತೋಡಿಸಿದ್ದು. ಖಾಲಾಳಿಗೆಂದು ನಡುವಿನ ಗೋಡೆಯಲ್ಲಿ ತಲೆ ಬಾಗಿಸಿ ಬರುವಷ್ಟು ಸಣ್ಣ ಬಾಗಿಲಿತ್ತು. ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ. ಆ ಬಾಗಿಲು ಇಲ್ಲದಿದ್ದರೆ ಆಕೆ ಗುಡ್ಡದ ಕೆಳಗಿನ ಬಾವಿಗೆ ಹೋಗಬೇಕು. ಕಲ್ಲಿನ ಏರು ದಾರಿ, ಮೊಣಕಾಲು ಹಿಡಿದ ಮುದುಕಿ.

ಆ ವರ್ಷ ಹೊಸ ಸರ್ಕಾರದವರು ಮನೆ ಜಾಗ ಅಳೆದು ಹೊಸ ಕಾಗದ ಮಾಡುತ್ತಾರೆಂದು ಸುದ್ದಿ ಹಬ್ಬಿತು. ಮಾವ ಕಟ್ಟೆಯ ಮೇಲೆ ಕುಳಿತು ಆ ಸಣ್ಣ ಬಾಗಿಲನ್ನು ನೋಡತೊಡಗಿದರು. ಅಳೆಯುವವರು ಬಂದಾಗ ಬಾಗಿಲಿದ್ದರೆ ಬಾವಿ ಇಬ್ಬರದು, ಇಲ್ಲದಿದ್ದರೆ ಒಬ್ಬರದು. ಇದು ನನಗೆ ಆಗ ತಿಳಿಯಲಿಲ್ಲ.

ದವನದ ಹುಣ್ಣಿಮೆಗೆ ಇನ್ನು ಹದಿನೈದು ದಿನವಿರಬೇಕು. ಅತ್ತೆಯ ದವನದ ಮಡಿ ಸೊಗಸಾಗಿ ಬೆಳೆದಿತ್ತು, ಕೈಯಾಡಿಸಿದರೆ ಸಂಜೆಯವರೆಗೂ ಬೆರಳು ಘಮಘಮಿಸುತ್ತಿತ್ತು. ಮೊದಲ ಮರಿಯನ್ನು ಅತ್ತೆ ಖಾಲಾಳ ಅಂಗಳದಿಂದಲೇ ಕದ್ದು ತಂದಿದ್ದರು. ಸಂತೆಯ ದಿನ ಅತ್ತೆಯೂ ನಾನೂ ಸಂತೆಗೆ ಹೋಗಿ ಮಧ್ಯಾಹ್ನ ತಿರುಗಿ ಬಂದರೆ ಮಡಿ ಬೋಳು. ಪಕ್ಕದ ಬಜೆಯೂ ಇಲ್ಲ.

ಮಾವ ಕಟ್ಟೆಯ ಮೇಲಿದ್ದರು. "ಖಾಲಾ ಬಂದಿದ್ಲು," ಎಂದರು. "ನಾ ಕಣ್ಣಾರೆ ನೋಡೀನಿ. ಉಡಿ ತುಂಬ್ಕೊಂಡು ಹೋದ್ಲು."

"ನೋಡಿದವರು ಕೂಗಬಾರದಿತ್ತೇನ್ರಿ?" ಎಂದರು ಅತ್ತೆ.

"ಹೆಣ್ಮಗಳ ಮ್ಯಾಲೆ ಕೂಗಂತೀಯೇನು? ಹಿರೇರನ್ನ ಕೂಡಸ್ತೀನಿ ನಾಳಿಗೆ."

ನಾನು ಮಡಿಯ ಹತ್ತಿರ ಕುಳಿತು ನೋಡಿದೆ. ದವನದ ಬೇರೆಲ್ಲ ಮಣ್ಣಿನಲ್ಲೇ ಉಳಿದಿತ್ತು, ಕುತ್ತಿಗೆಯನ್ನು ಮಾತ್ರ ಕತ್ತರಿಸಿದ್ದರು. ಬಜೆಯ ಗೆಡ್ಡೆ ಅರ್ಧಕ್ಕೆ ಮುರಿದಿತ್ತು. ನೆಡಬೇಕೆನ್ನುವವಳು ಬೇರು ಬಿಟ್ಟು ಹೋಗುತ್ತಾಳೆಯೆ? ಔಷಧಿಗೆ ಬೇಕೆನ್ನುವವಳು ಬಜೆಯ ಗೆಡ್ಡೆಯನ್ನು ಅರ್ಧ ಬಿಟ್ಟು ಹೋಗುತ್ತಾಳೆಯೆ? ಅದೂ ಕೂಸುಗಳಿಗೆ ತೇಯುವ ಸೂಲಗಿತ್ತಿ? ಇದು ಗಿಡ ಬೇಕಾದವರ ಕೆಲಸವಲ್ಲ. ಮತ್ತೆ ಕಳೆ ತೆಗೆಯುವ ಕುರಪಿ ಎಳೆದ ಮಣ್ಣು ನೋಡಿದೆ. ಬಲಗೈಯವರು ಎಳೆದರೆ ಮಣ್ಣು ಎಡಕ್ಕೆ ಬೀಳುತ್ತದೆ. ಇಲ್ಲಿ ಉದ್ದಕ್ಕೂ ಬಲಕ್ಕೆ ಬಿದ್ದಿತ್ತು. ಖಾಲಾ ಬಲಗೈಯವಳು. ಅತ್ತೆಯೂ, ನಾನೂ. ನಮ್ಮ ಮನೆಯಲ್ಲಿ ಎಡಚರು ಒಬ್ಬರೇ.

ಎದ್ದು ತಿಪ್ಪೆಗೆ ಹೋದೆ. ಮೇಲಿನ ಸಗಣಿ ಸರಿಸಿದೆ. ಸಗಣಿಯ ಕೆಳಗಿನಿಂದ ದವನದ ವಾಸನೆ ಘಮ್ಮೆಂದು ಬಂತು. ಇಡೀ ಮಡಿ ಅಲ್ಲೇ ಬಾಡಿ ಬಿದ್ದಿತ್ತು. ಬುಟ್ಟಿಗೆ ತುಂಬಿಕೊಂಡು ಬಂದು ಅತ್ತೆಗೆ ತೋರಿಸಿದೆ.

"ಅತ್ತೀ, ಇದು ನಮ್ಮ ತಿಪ್ಪಿಯಾಗ ಸಿಕ್ತುರಿ."

ಅತ್ತೆ ಬುಟ್ಟಿಯನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದರು. "ಗೊತ್ತದ ನನಗ. ಮೂವತ್ತು ವರ್ಷ ಅವರ ಕೂಡ ಬಾಳೇವು ಮಾಡೀನಿ, ಅವರ ಕುರಪಿ ನನಗ ತಿಳೀದಿಲ್ಲೇನು? ಬಾಯಿ ಮುಚ್ಚು. ಮನಿ ಮರ್ಯಾದಿ ಅಂಗಳಕ್ಕ ಒಗೀಬ್ಯಾಡ."

ಮನೆಯ ಮರ್ಯಾದೆ! ಮಕ್ಕಳೇ, ಈ ಮಾತು ನಿಮ್ಮ ಕಿವಿಗೆ ಬಿದ್ದಾಗಲೆಲ್ಲ ಯಾರೋ ಒಬ್ಬರ ನೀರು ನಿಲ್ಲುತ್ತಿದೆ ಎಂದು ತಿಳಿಯಿರಿ.

ಮರುದಿನ ಓಣಿಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂಡಿದರು. ಖಾಲಾ ಹೊರಗೆ ಕಂಬಕ್ಕೆ ಆತು ನಿಂತಿದ್ದಳು. ನಾನು ಒಳಬಾಗಿಲ ಹಿಂದೆ ಬುಟ್ಟಿ ಹಿಡಿದು ನಿಂತಿದ್ದೆ. ಹೊಸ್ತಿಲು ದಾಟಬೇಕು, ಬುಟ್ಟಿಯನ್ನು ನಡುವೆ ಸುರಿಯಬೇಕು, ಅಷ್ಟೇ. ಮಾತು ಕೂಡ ಬೇಕಾಗಿರಲಿಲ್ಲ.

"ಖಾಲಾ, ಖರೇ ಹೇಳು," ಎಂದರು ಒಬ್ಬ ಹಿರಿಯರು. "ನೀ ಈ ಹಿತ್ತಲದಾಗ ಎಂದಾದ್ರೂ ಕದ್ದೀಯೇನು?"

"ಕದ್ದೀನಲ್ಲಪಾ," ಎಂದಳು ಖಾಲಾ, ಇದೇನು ಕೇಳುವ ಮಾತೇ ಎನ್ನುವಂತೆ. "ನಿನ್ನ ಹೇಣ್ತಿ ನಮ್ಮನ್ಯಾಗ ಕದ್ದಾಳ, ನಾ ನಿಮ್ಮನ್ಯಾಗ ಕದ್ದೀನಿ. ಕದೀದೇ ಗಿಡ ಹತ್ತತಾವೇನು?"

"ಒಪ್ಪಿಕೊಂಡಾಳ ನೋಡ್ರಿ!" ಎಂದರು ಮಾವ.

"ಏ ಭಾಯ್, ಅದು ಬ್ಯಾರೆ..."

"ಬ್ಯಾರೆ ಏನದ? ಕದ್ದೀನಿ ಅಂದ್ಯಲ್ಲ!"

ಅಲ್ಲಿ ಕುಳಿತ ಪ್ರತಿಯೊಬ್ಬನ ಹಿತ್ತಲವೂ ಕದ್ದ ಗಿಡಗಳಿಂದಲೇ ತುಂಬಿತ್ತು. ಪ್ರತಿಯೊಬ್ಬನೂ ಆ ಪದ್ಧತಿ ಬಲ್ಲವನು. ಒಬ್ಬನಾದರೂ ನಗಬಹುದಿತ್ತು, 'ಹಂಗಾದ್ರ ನನ್ನ ಹೇಣ್ತೀನೂ ಹಿಡೀರಿ' ಎನ್ನಬಹುದಿತ್ತು. ಎರಡು ವರ್ಷ ಹಿಂದೆ, ಆ ಗದ್ದಲಕ್ಕೆ ಮೊದಲು ಆಗಿದ್ದರೆ ಹಾಗೇ ಅನ್ನುತ್ತಿದ್ದರು. ಈಗ ಎಲ್ಲರೂ ನೆಲ ನೋಡಿದರು. ಖಾಲಾಳ ಹಿಂದೆ ಯಾರೂ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ಒಬ್ಬ ಮುದುಕರು ಮೂಗು ಅರಳಿಸಿದರು. "ದವನದ ವಾಸನಿ ಬರಾಕತ್ತದಲ್ಲ?"

"ಎಲ್ಲಿಂದ ಬರಬೇಕ್ರಿ?" ಎಂದರು ಮಾವ. "ಎಲ್ಲಾ ಕಳುವಾಗ್ಯದ."

ಅತ್ತೆ ಹಿಂದಿನಿಂದ ಬಂದು ನನ್ನ ಕೈಯ ಬುಟ್ಟಿಯನ್ನು ಕಸಿದುಕೊಂಡು ಒಳಗೆ ಹೋದರು. ನಾನು ಬಿಟ್ಟುಕೊಟ್ಟೆ. ಮಾವನ ಮೇಲೆ ನನಗೆಷ್ಟು ಸಿಟ್ಟಿದೆಯೋ, ಬುಟ್ಟಿ ಬಿಟ್ಟುಕೊಟ್ಟ ಆ ನನ್ನ ಎರಡು ಕೈಗಳ ಮೇಲೂ ಅಷ್ಟೇ ಸಿಟ್ಟಿದೆ.

ಬಾಗಿಲು ಮುಚ್ಚಬೇಕೆಂದು ತೀರ್ಮಾನವಾಯಿತು. ಮೂರನೆಯ ದಿನ ಗೌಂಡಿ ಬಂದು ಹಸಿ ಇಟ್ಟಿಗೆಯಿಂದ ಬಾಗಿಲ ಜಾಗ ಕಟ್ಟಿ ಮೆತ್ತಿದ. ವಾರದ ಕೊನೆಗೆ ನಿಮ್ಮ ಅಜ್ಜ ಬಂದಾಗ ಎಲ್ಲ ಹೇಳಿದೆ. ಅವರು ತಲೆ ಕೆರೆದುಕೊಂಡರು. "ಅಪ್ಪನ ಮುಂದ ನಾ ಏನಂತ ಹೇಳ್ಲಿ?" ಎಂದರು. ಒಳ್ಳೆಯ ಮನುಷ್ಯ ಅವರು. ಒಳ್ಳೆಯತನ ಅಷ್ಟಕ್ಕೇ ನಿಂತಿತು.

ಖಾಲಾ ಗುಡ್ಡದ ಕೆಳಗಿನಿಂದ ನೀರು ತರತೊಡಗಿದಳು. ಹೊತ್ತಿಗೆ ಎರಡು ಕೊಡ ತರುತ್ತಿದ್ದವಳು ಒಂದಕ್ಕೆ ಇಳಿದಳು, ಅದೂ ಅರ್ಧ. ಆಕೆಯ ಅಂಗಳದ ಪುದೀನ ಒಣಗಿತು. ಒಂದು ದಿನ ನಾನು ತುಂಬಿದ ಕೊಡ ಹೊತ್ತು ಬೀದಿ ಸುತ್ತಿ ಆಕೆಯ ಬಾಗಿಲಿಗೆ ಹೋದೆ.

"ಒಯ್ಯಿ," ಎಂದಳು ಖಾಲಾ.

"ನಾ ದಿನಾ ತಂದುಕೊಡ್ತೀನಿ ಖಾಲಾ."

"ನಿನ್ನ ನೀರು ಬ್ಯಾಡ ಬೇಟಿ. ನನ್ನ ಬಾಗಲಾ ಬೇಕು."

ಆ ಕೊಡವನ್ನು ಹಾಗೇ ಹೊತ್ತು ತಿರುಗಿ ಬಂದೆ. ದಾರಿಯುದ್ದಕ್ಕೂ ಆಕೆಯ ಮೇಲೂ ಸಿಟ್ಟು ಬಂದಿತ್ತು. ಮನೆಗೆ ಬಂದು ಕೊಡ ಇಳಿಸುವಾಗ ಆಕೆಯ ಮಾತೇ ಸರಿ ಅನ್ನಿಸಿತು.

ಹಿತ್ತಲಕ್ಕೆ ಹೋಗಿ ಹೊಸ ಗೋಡೆ ನೋಡಿದೆ. ಹಳೆಯ ಗೋಡೆಗೆ ಅಡಿಯಲ್ಲಿ ಕಲ್ಲಿತ್ತು. ಮುಚ್ಚಿದ ಬಾಗಿಲಿಗೆ ಇರಲಿಲ್ಲ, ಅವಸರದಲ್ಲಿ ನೆಲದ ಮೇಲಿಂದಲೇ ಹಸಿ ಇಟ್ಟಿಗೆ ಏರಿಸಿದ್ದರು. ಅಂದೇ ಅದರ ಬುಡದಲ್ಲಿ ಕುಂಬಳದ ಬೀಜ ಊರಿದೆ. ಬಚ್ಚಲ ನೀರು, ಭಾಂಡೆ ತೊಳೆದ ನೀರು ಎಲ್ಲ ಅಲ್ಲಿಗೆ ಹರಿಯುವಂತೆ ಕಾಲುವೆ ತೋಡಿದೆ.

"ಅಲ್ಲ್ಯಾಕ ಹಚ್ಚೀದಿ?" ಎಂದು ಮಾವ ಕಟ್ಟೆಯ ಮೇಲಿಂದ ಕೇಳಿದರು.

ನಾನು ಅವರೊಡನೆ ಮಾತಾಡುವಂತಿರಲಿಲ್ಲ. ಸೆರಗು ಮುಂದೆಳೆದುಕೊಂಡೆ. ಅತ್ತೆ ಉತ್ತರ ಕೊಟ್ಟರು: "ಗ್ವಾಡಿಗೆ ಬಳ್ಳಿ ಹಬ್ಬಲಿ ಅಂತ. ಹೊಸ ಗ್ವಾಡಿ ಛಂದ ಕಾಣತದ." ಅತ್ತೆಗೆ ತಿಳಿದಿತ್ತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಮರುದಿನದಿಂದ ಅನ್ನ ಬಸಿದ ಗಂಜಿಯನ್ನೂ ಅಲ್ಲೇ ಚೆಲ್ಲತೊಡಗಿದರು.

ಇಡೀ ಬೇಸಿಗೆ ನೀರು ಹಾಯಿಸಿದೆ. ಬಳ್ಳಿ ಗೋಡೆಯ ತುಂಬ ಹಬ್ಬಿ ಕೆಳಗಿನ ತೇವವನ್ನು ಮುಚ್ಚಿತು. ಬುಡದ ಇಟ್ಟಿಗೆಗೆ ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಮುಂಗಾರಿನ ಮಿರಗದ ಮೊದಲ ಮಳೆ ಒಂದು ಮಧ್ಯಾಹ್ನ ಜೋರಾಗಿ ಹೊಡೆಯಿತು. ನಾನು ಜೋಳ ಹಸನು ಮಾಡುತ್ತಿದ್ದೆ. ದೊಪ್ಪೆಂದು ಸಪ್ಪಳ. ಬಾಗಿಲ ಜಾಗ ಮಾತ್ರ ಕುಸಿದಿತ್ತು, ಹಳೆಯ ಗೋಡೆ ಅಲುಗಿರಲಿಲ್ಲ. ಮಣ್ಣಿನ ಗುಡ್ಡೆಯ ಮೇಲೆ ಮೂರು ಕುಂಬಳಕಾಯಿ.

ಮಾವ ಗೌಂಡಿಯನ್ನು ಕರೆಸಿದರು. ಅವನು ಸುತ್ತ ನೋಡಿ ಕಿವಿ ಮುಟ್ಟಿಕೊಂಡ. "ಆಚಿ ಈಚಿ ಗ್ವಾಡಿ ನಿಂತಾವ, ಇದಷ್ಟೇ ಬಿದ್ದದ್ರಿ. ಸೂಲಗಿತ್ತಿ ದಾರಿ ಇದು, ಮುಚ್ಚಸ್ಕೊಳ್ಳಾಕ ಒಲ್ಲದು. ನನ್ನ ಮನ್ಯಾಕಿ ಬಸುರಿ ಅದಾಳ್ರಿ, ನಾ ಮುಟ್ಟಂಗಿಲ್ಲ."

ಬೇರೆ ಗೌಂಡಿಯೂ ಬರಲಿಲ್ಲ. ಮಾವನೂ ಹೆಚ್ಚು ಒತ್ತಾಯ ಮಾಡಲಿಲ್ಲ. ಸುಳ್ಳು ಹೇಳಿದವರು ತಾವೇ ಅಲ್ಲವೆ, ಗೋಡೆಯ ಮಾತು ಎತ್ತಿದರೆ ಆ ಸುಳ್ಳೂ ಹೊರಗೆ ಬಿದ್ದೀತೆಂದು ಅಂಜಿದರು. ಅಳೆಯುವವರು ಬಂದ ದಿನ ಬಾಗಿಲು ತೆರೆದೇ ಇತ್ತು, ಖಾಲಾ ಹಗ್ಗ ಜಗ್ಗುತ್ತಿದ್ದಳು. "ಇಬ್ಬರ ಬಾವಿ ಏನ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಬರೆದುಕೊಂಡು ಹೋದರು.

ಬಾಗಿಲು ತಿರುಗಿ ಸಿಕ್ಕಿತು. ಕಳ್ಳಿ ಎಂಬ ಮಾತನ್ನು ಮಾತ್ರ ಯಾರೂ ತಿರುಗಿ ತೆಗೆದುಕೊಳ್ಳಲಿಲ್ಲ. ಆಕೆ ತೀರಿಕೊಂಡಳು, ಮಾವ ತೀರಿಕೊಂಡರು, ಆ ಮಾತು ನಿಮ್ಮ ತನಕ ಬಂತು. ಅದನ್ನು ಇಲ್ಲಿಗೇ ನಿಲ್ಲಿಸಿರಿ. ನನ್ನ ಮೇಲೆ ಪ್ರೀತಿ ಇದ್ದರೆ ನಿಲ್ಲಿಸಿರಿ.

ಗೋಡೆ ಬಿದ್ದ ಮರುದಿನ ಬೆಳಿಗ್ಗೆ ಖಾಲಾ ಕೊಡ ಹಿಡಿದು ಮಣ್ಣು ತುಳಿಯುತ್ತ ಬಂದಳು. ಬಗ್ಗಿ ಬಳ್ಳಿಯ ಬುಡ ನೋಡಿದಳು, ಕಾಲುವೆ ನೋಡಿದಳು. ಮಾವ ಕಟ್ಟೆಯ ಮೇಲೆ ಹಲ್ಲು ಉಜ್ಜುತ್ತಿದ್ದರು.

"ಹುಚ್ಚಿ ಅದೀ ಏನು?" ಎಂದಳು ನನಗೆ. "ಕುಂಬಳಕ್ಕ ಯಾರಾದ್ರೂ ಇಷ್ಟು ನೀರ ಹಾಯಿಸ್ತಾರೇನು?"

"ಕುಂಬಳಕ್ಕ ಹಾಯಿಸಿಲ್ಲ ಖಾಲಾ," ಎಂದೆ.

ಮಾವನ ಕೈ ನಿಂತಿತು. ಆ ಮನೆಗೆ ಬಂದಾಗಿನಿಂದ ಅವರಿಗೆ ಕೇಳುವಂತೆ ನಾನು ಆಡಿದ ಮೊದಲ ಮಾತು ಅದು. ಕೇಳಲಿ ಎಂದೇ ಆಡಿದ್ದೆ.