ಜಮಖಾನದ ನಡುಜಾಗ

ಕುವೆಂಪುನಗರದ ಆ ಭಜನಾ ಮಂಡಳಿಯಲ್ಲಿ ಯಾರ ಫೋನಿನಲ್ಲಿ ತಂಬೂರಿ ನಾದದ ಶ್ರುತಿ ಆಪ್ ನುಡಿಯುತ್ತದೋ ಅವರೇ ಜಮಖಾನದ ನಡುವೆ ಕೂರುವುದು, ಅವರು ಇಟ್ಟ ಶ್ರುತಿಗೇ ಉಳಿದವರು ಹಾಡುವುದು. ಐದು ವರ್ಷದಿಂದ ಆ ಜಾಗ ದಾಕ್ಷಾಯಣಮ್ಮನದು. ಶ್ರುತಿಯ ಎತ್ತರವನ್ನು ಎಣಿಸುವುದು ಮನೆಗಳಲ್ಲಿ, ಮನೆ ಏರಿದಷ್ಟೂ ದನಿ ಏರಬೇಕು. ವಯಸ್ಸಾಗಿ ಆಕೆಯ ದನಿ ಇಳಿದಿತ್ತು. ಆದರೇನು, ಶ್ರುತಿಯನ್ನು ನಾಲ್ಕು ಮನೆಗೆ ಇಳಿಸಿಟ್ಟುಕೊಂಡು ಮಹಾರಾಣಿಯ ಹಾಗೆ ಹಾಡುತ್ತಿದ್ದರು.

ಒಂದು ಸೋಮವಾರ ಆಪ್ ಹೊಸದಾಯಿತು. ನಿಮ್ಮ ಫೋನಿನಲ್ಲಿ ನಡೆಯುವುದಿಲ್ಲ ಎಂದು ದಾಕ್ಷಾಯಣಮ್ಮನಿಗೆ ಹೇಳಿಬಿಟ್ಟಿತು. ಪಕ್ಕದಲ್ಲಿದ್ದ ನಾಗಮಣಿ ತನ್ನ ಐಫೋನ್ ತೆಗೆದಿಟ್ಟಳು. ಮಗಳು ಬಳಸಿ ಬಿಟ್ಟದ್ದು, ದಾಕ್ಷಾಯಣಮ್ಮನ ಫೋನಿಗಿಂತ ಹಳೆಯದು. ಅದರಲ್ಲಿ ಆಪ್ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು. ದಾಕ್ಷಾಯಣಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಐದೂವರೆ ಮನೆಯ ಗಂಟಲಿನ ಇವಳು ನಡುವೆ ಕೂತರೆ ನನ್ನ ಬಾಯಿ ಮುಚ್ಚಿದ ಹಾಗೇ ಎಂದುಕೊಂಡವರು, ಮಂಡಿನೋವಿನ ನೆಪ ಹೇಳಿ ವಾರಗಟ್ಟಲೆ ಅತ್ತ ತಲೆ ಹಾಕಲಿಲ್ಲ.

ಕೊನೆಗೆ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ನಿಶ್ಚಿತಾಗೆ ಫೋನ್ ತೋರಿಸಿದರು.

"ಅವಳದು ಮುದಿ ಫೋನು ಕಣೇ! ಅದ್ರಲ್ಲಿ ನಡೆಯೋದು ನನ್ನದ್ರಲ್ಲಿ ಯಾಕ್ ನಡೆಯಲ್ಲ?"

"ಆಂಟಿ, ಅವ್ರ ಫೋನೂ ಅದರೊಳಗಿನ ಸಾಫ್ಟ್‌ವೇರೂ ಒಂದೇ ಕಂಪನಿದು. ಬೀಗದ ಕೈ ಆ ಕಂಪನಿ ಹತ್ರಾನೇ, ವರ್ಷಾನುಗಟ್ಟಲೆ ಅವ್ರೇ ಹೊಸದು ಕಳಿಸ್ತಾರೆ. ನಿಮ್ದು ಹಂಗಲ್ಲ. ಮೂಲ ಸಾಫ್ಟ್‌ವೇರ್ ಎಲ್ಲಾರಿಗೂ ಬಿಟ್ಟಿದ್ದು, ಅದನ್ನ ನಿಮ್ಮ ಫೋನಿಗೆ ಹೊಂದಿಸ್ಬೇಕಾದ ಕಂಪನಿ ಕೈ ತೊಳ್ಕೊಂಬುಟ್ಟಿದೆ. ಆದ್ರೆ ಬಾಗಿಲು ತೆರೆದಿರೋದ್ರಿಂದ ಹೊರಗಿನೋರು ಹೊಂದಿಸಿ ಪುಕ್ಕಟೆ ಕೊಡ್ತಾರೆ. ಹಾಕ್ಲಾ? ಬ್ಯಾಂಕ್ ಆಪ್ ಮಾತ್ರ ನಡೀದೇ ಹೋಗ್ಬಹುದು."

"ಬ್ಯಾಂಕಿಗೆ ನಡ್ಕೊಂಡೇ ಹೋಗ್ತೀನಿ ಬುಡು. ಅವಳು ಅಲ್ಲಿಂದ ಏಳ್ಬೇಕು, ಅಷ್ಟೇ."

ಮುಂದಿನ ಸೋಮವಾರ ಜೀವ ಬಂದ ಫೋನ್ ಹಿಡಿದು, ರೇಷ್ಮೆ ಸೀರೆ ಉಟ್ಟು ಹೋದರು. ನಾಗಮಣಿ ನಗುತ್ತಲೇ ಎದ್ದು ಜಾಗ ಬಿಟ್ಟಳು.

"ಬನ್ನಿ ಅಕ್ಕ, ಮಂಡಿ ಹೇಗಿದೆ?"

ದಾಕ್ಷಾಯಣಮ್ಮ ಫೋನ್ ಮುಂದಿಟ್ಟು, ಎಲ್ಲರಿಗೂ ಕೇಳುವಂತೆ ಅಂದರು: "ಇಷ್ಟು ದಿನ ಐದೂವರೆ ಮನೆಗೆ ಕಿರುಚಿ ಕಿರುಚಿ ಗಂಟಲು ಹರ್ಕೊಂಡಿದ್ದೀರೇನೋ. ಇಳಿಸ್ತೀನಿ ತಡೀರಿ."

"ಇಲ್ಲ ಕಣ್ರೀ," ಎಂದಳು ಎದುರು ಕೂತಿದ್ದ ಕುಸುಮ. "ನಾಗಮಣಿಯವ್ರು ನಾಲ್ಕಕ್ಕೇ ಇಡ್ತಿದ್ರು. ನೀವು ಯಾವ ವಾರ ಬಂದ್ರೂ ನಿಮಗೆ ಎಟುಕ್ಬೇಕು ಅಂತ."

ಶ್ರುತಿ ನುಡಿಯತೊಡಗಿತು. ಎಲ್ಲರೂ ಕಾದರು. ಗೆದ್ದು ಬಂದ ಜಾಗದಲ್ಲಿ ಕೂತ ದಾಕ್ಷಾಯಣಮ್ಮ ಫೋನಿನ ಸದ್ದನ್ನು ಇನ್ನಷ್ಟು ಏರಿಸಿದರು. ಫೋನಿನ ಹೊಟ್ಟೆಕಿಚ್ಚಿಗಾದರೆ ಮದ್ದು ಸಿಕ್ಕಿತ್ತು. ಒಳ್ಳೆಯವಳೂ ಈ ನಾಗಮಣಿಯೇ ಆಗಬೇಕಿತ್ತಾ ಎಂದು ಒಳಗೊಳಗೇ ಹಲ್ಲು ಕಡಿದರು.