ಪಗಾರ ಇಲ್ಲದ ತೋಳು

ಕೌದಿ ಹೊಲಿಯಲು ಹಳೆಯ ಬಟ್ಟೆ ಹುಡುಕುತ್ತಿದ್ದ ನನ್ನ ಹೆಂಡತಿ ಟ್ರಂಕಿನ ತಳದಿಂದ ಒಂದು ಚಾದರ ತೆಗೆದಳು. ಅದರ ಮೂಲೆಯಲ್ಲಿ ಕಪ್ಪು ಗುರುತು: ಒಂದು ಗೆರೆ, ಕೆಳಗೆ ಮೂರು ಚುಕ್ಕಿ. ನಾನು ಹಾಸ್ಟೆಲ್ಲಿನಲ್ಲಿದ್ದಾಗ ನಮ್ಮ ಬಟ್ಟೆ ಒಗೆಯುತ್ತಿದ್ದ ಅಗಸರು ಗೇರಿನ ರಸದಿಂದ ಹಾಕಿದ ಗುರುತು ಅದು. ಗೋಡಂಬಿ ಕೊಡುವ ಗೇರಲ್ಲ. ಕಾಡಿನ ಕಪ್ಪು ಗೇರು. ಅರಿವೆಗೆ ಹತ್ತಿದರೆ ಎಷ್ಟು ಒಗೆದರೂ ಹೋಗುವುದಿಲ್ಲ, ಮೈಗೆ ಹತ್ತಿದರೆ ಬೊಬ್ಬೆ ಏಳುತ್ತದೆ.

“ಹರೀಲೇನ್ರಿ ಇದನ್ನ?” ಎಂದಳು.

“ಹರಿ” ಎಂದೆ. ಆದರೆ ಅಷ್ಟರಲ್ಲಿ ನನ್ನ ಬಲಗೈ ಎಡತೋಳನ್ನು ಮುಟ್ಟಿ ನೋಡಿಕೊಂಡಿತ್ತು, ದೇವಿ ಡಾಕ್ಟರರು ನೆನಪಾಗಿದ್ದರು…

ಅವರು ಡಾಕ್ಟರರಲ್ಲ. ಊರೂರು ತಿರುಗಿ ಸಿಡುಬಿನ ಲಸಿಕೆ ಹಾಕುವ ಸರಕಾರಿ ನೌಕರರು. ನಮ್ಮ ಕಡೆ ಸಿಡುಬಿಗೆ ದೇವಿ ಎಂದೇ ಹೆಸರು. ಲಸಿಕೆ ಹಾಕುವುದಕ್ಕೂ ದೇವಿ ಹಾಕುವುದು ಎನ್ನುತ್ತಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಬೈಲಹೊಂಗಲದಲ್ಲಿ ಬಿ.ಎ. ಓದುತ್ತಿದ್ದೆ. ಅವರ ಸೈಕಲ್ಲಿನ ಹ್ಯಾಂಡಲ್ಲಿಗೆ ಬರ್ಫ ತುಂಬಿದ ಥರ್ಮಾಸ್ ತೂಗುತ್ತಿತ್ತು, ಅದರೊಳಗೆ ಲಸಿಕೆಯ ಸೀಸೆ. ಅಂಗಿಯ ಜೇಬಿನಲ್ಲಿ ಎರಡು ಹಲ್ಲಿನ ಸೂಜಿಗಳ ತಗಡಿನ ಡಬ್ಬಿ. ಸೈಕಲ್ಲು ಹಸಿರು ಬಣ್ಣದ್ದು ಎಂದು ನನ್ನ ನೆನಪು ಹೇಳುತ್ತದೆ. ನಾನು ಅದನ್ನು ನಂಬುವುದಿಲ್ಲ. ಆಗ ಎಲ್ಲರ ಸೈಕಲ್ಲುಗಳೂ ಕಪ್ಪಗಿದ್ದವು.

ಮುರಗೋಡದ ಆಚೆಯ ಒಂದು ಹಳ್ಳಿಯಲ್ಲಿ ದೇವಿ ಕಾಣಿಸಿಕೊಂಡಿತ್ತು. ಲಸಿಕೆ ಹಾಕಿಸಿಕೊಂಡ ಚೀಟಿ ತೋರಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನಲ್ಲಿ ನೋಟಿಸು ಹಚ್ಚಿದರು. ವಿಜ್ಞಾನದ ಮೇಲೆ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದವರೇ ಮೊದಲು ಹಿತ್ತಲ ಗೋಡೆ ಹಾರಿದರು. ತೋಳು ಬಾತು ಕುಂಬಳಕಾಯಿಯಾಗುತ್ತದೆ, ಎಂಟು ದಿನ ಜ್ವರ ಬಿಡುವುದಿಲ್ಲ, ಓದಿದ್ದೆಲ್ಲ ಮರೆತುಹೋಗುತ್ತದೆ… ಇಂಥ ಸುದ್ದಿಗಳು ಊರಿನಲ್ಲಿ ಹುಟ್ಟಿದವಲ್ಲ, ನಮ್ಮ ಹಾಸ್ಟೆಲ್ಲಿನಲ್ಲಿ ಹುಟ್ಟಿದವು.

ನಾನೇಕೆ ಹಾಕಿಸಿಕೊಳ್ಳಲಿಲ್ಲ? ಈ ಪ್ರಶ್ನೆಗೆ ಇಷ್ಟು ವರ್ಷ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಪರೀಕ್ಷೆ ಹತ್ತಿರವಿತ್ತು, ವಾಲಿಬಾಲ್ ಪಂದ್ಯವಿತ್ತು, ಒತ್ತಾಯ ಮಾಡುವ ಸರಕಾರದ ಮೇಲೆ ಸಿಟ್ಟಿತ್ತು. ಕಡೆಯದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತಿತ್ತು. ಹೆದರಿಕೆ ಎಂಬ ಮಾತನ್ನು ಬರೆಯುತ್ತಿರುವುದು ಇದೇ ಮೊದಲು. ಚಿಕ್ಕಂದಿನಲ್ಲಿ ಲಸಿಕೆಯವರು ಬಂದಾಗ ನನ್ನ ಅವ್ವ ನನ್ನನ್ನು ಕಾಳಿನ ಚೀಲಗಳ ಹಿಂದೆ ಅಡಗಿಸಿದ್ದಳಂತೆ. ಸೂಜಿ ಕಾಣದ ತೋಳು ನನ್ನದು.

ಬೇರೆ ಊರಲ್ಲಿ ಹಾಕಿಸಿಕೊಂಡು ಬಂದವರು ತೋಳಿನ ಬೊಬ್ಬೆ ತೋರಿಸಿ ಚೀಟಿ ಪಡೆಯಬಹುದಿತ್ತು. ಮುನವಳ್ಳಿಯ ನಮ್ಮ ಮನೆಗೆ ಹೋಗಿ ಬಂದೆ. ಬಂದವನೇ ಅಗಸರ ಹತ್ತಿರ ಒಂದು ಗೇರುಬೀಜ ಬೇಡಿ, ಅದರ ಎಣ್ಣೆಯನ್ನು ಕಡ್ಡಿಯ ತುದಿಯಿಂದ ತೋಳಿಗೆ ಇಟ್ಟುಕೊಂಡೆ. ಉರಿಯಿತು. ಎರಡು ದಿನದಲ್ಲಿ ಚೆಂದದ ಬೊಬ್ಬೆ ಎದ್ದಿತು. ನಮ್ಮ ಕೋಣೆಯ ಗೆಳೆಯನಂತೂ, “ಖರೇ ಹಾಕಿಸ್ಕೊಂಡ ನನ್ನ ತೋಳಿಗಿಂತ ನಿಂದ ಚಲೋ ಎದ್ದೈತೆಲಾ ಮಗನ” ಎಂದು ಹೊಟ್ಟೆ ಹಿಡಿದು ನಕ್ಕ.

ದೇವಿ ಡಾಕ್ಟರರು ನನ್ನ ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ಚೀಟಿ ಬರೆದು ಕೊಟ್ಟರು. ಆಮೇಲೆ, “ನಾಳೆ ನನ್ನ ಜೋಡಿ ಬರ್ತೀಯೇನ ತಮ್ಮಾ?” ಎಂದರು.

“ಎಲ್ಲಿಗ್ರಿ ಸರ?”

“ಮುರಗೋಡದಾಚೆ. ಆ ಊರಾಗ ಯಾರೂ ತೋಳ ಕೊಡವಲ್ರು.”

ಹೇಳುತ್ತಲೇ ಅವರು ತಮ್ಮ ಅಂಗಿಯ ತೋಳು ಮೇಲೇರಿಸಿದರು. ಭುಜದಿಂದ ಮೊಣಕೈವರೆಗೆ ಲಸಿಕೆಯ ಕಲೆಗಳು, ಒಂದರ ಪಕ್ಕ ಒಂದು. ಜನ ಒಪ್ಪದ ಊರಿಗೆ ಹೋದಾಗಲೆಲ್ಲ ಅವರು ಎಲ್ಲರೆದುರು ಮೊದಲು ತಮಗೇ ಚುಚ್ಚಿಕೊಳ್ಳುತ್ತಿದ್ದರು. ಅದು ಅವರ ಕೆಲಸದ ರೀತಿ.

“ಮೊದಲ ಇದನ್ನ ನೋಡಿ ಒಪ್ಪತಿದ್ರು. ಈಗ ಏನಂತಾರ ಗೊತ್ತೇನು? ನಿಮ್ಮ ತೋಳಿಗೆ ಸರಕಾರ ಪಗಾರ ಕೊಡತೈತಿ, ಚುಚ್ಕೋತೀರಿ, ಅಂತಾರ. ನನಗ ಪಗಾರ ಇಲ್ಲದ ತೋಳ ಬೇಕಾಗ್ಯಾವು. ಕಲಿತ ಹುಡುಗರವು.”

ನಾನು ಒಪ್ಪಿಕೊಂಡೆ. ಚೀಟಿ ಕಿಸೆಯಲ್ಲಿತ್ತು. ಗೆಳೆಯನೂ ಇನ್ನೊಬ್ಬ ಹುಡುಗನೂ ಬಂದರು. ಬಸ್ಸಿಳಿದು ಎರೆಹೊಲದ ದಾರಿಯಲ್ಲಿ ನಡೆದೆವು. ಆ ಊರಿನ ಒಂದು ಓಣಿಯ ತುದಿಯ ಮನೆಗೆ ಬೇವಿನ ಸೊಪ್ಪು ಕಟ್ಟಿದ್ದರು. ಅಲ್ಲಿ ಹತ್ತು ವರ್ಷದ ಹುಡುಗನೊಬ್ಬ ಮಲಗಿದ್ದ. ದೇವಿ ಬಂದ ಓಣಿಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಹಾಗಾಗಿ ಊಟದ ಹೊತ್ತಿನಲ್ಲೂ ಅಲ್ಲಿ ಅಡುಗೆಯ ವಾಸನೆಯೇ ಇರಲಿಲ್ಲ.

ಓಣಿಯ ಬಾಯಿಯ ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಬಾಗಿಲ ಹಿಂದೆ ಅವಳ ಸೊಸೆ, ಸೊಸೆಯ ಬಗಲಲ್ಲಿ ಇನ್ನೂ ಹಲ್ಲು ಬರುತ್ತಿದ್ದ ಹೆಣ್ಣುಕೂಸು. ಆ ಮುದುಕಿ ಹೂಂ ಎಂದರೆ ಓಣಿಯೇ ಹೂಂ ಎನ್ನುತ್ತದೆ, ಉಹೂಂ ಎಂದರೆ ಒಂದು ಬಾಗಿಲೂ ತೆಗೆಯುವುದಿಲ್ಲ ಎಂದು ದೇವಿ ಡಾಕ್ಟರರು ದಾರಿಯಲ್ಲೇ ಹೇಳಿದ್ದರು.

“ಓಣ್ಯಾಗ ದೇವಿ ಬಂದ ಕುಂತಾಳ. ಆಕಿ ಇದ್ದಾಗ ಸೂಜಿ ಹಿಡೀಬಾರದು” ಎಂದಳು ಮುದುಕಿ.

“ಆಯಿ, ಈ ಹುಡುಗರನ್ನ ನೋಡ್ರಿ. ಕಾಲೇಜ ಕಲ್ಯಾವ್ರು. ಇವರಿಗೆ ಏನೂ ಆಗಿಲ್ಲ.”

ಸೊಸೆ ಬಾಗಿಲು ದಾಟಿ ಬಂದಳು. ಅವಳ ಕಣ್ಣು ಓಣಿಯ ತುದಿಯ ಮನೆಯ ಕಡೆಗೇ ಇತ್ತು. “ಎಲ್ಲಿ ತಮ್ಮಾ, ನಿಂದ ತೋರ್ಸು” ಎಂದು ನನ್ನನ್ನೇ ಕೇಳಿದಳು. ಅಂಗಿ ಸರಿಸಿದೆ. ಮುದುಕಿ ಎದ್ದು ಬಂದು, ನನ್ನ ತೋಳನ್ನು ಮೂಗಿನ ಹತ್ತಿರ ಹಿಡಿದು, ಬೊಬ್ಬೆಯ ಸುತ್ತಲಿನ ಕಪ್ಪು ಅಂಚನ್ನು ಉಗುರಿನಿಂದ ಕೆರೆದಳು.

“ಇದ ಗೇರ ಸುಟ್ಟದ್ದು! ಹಿಮ್ಮಡಿ ಒಡದಾಗೊಮ್ಮೆ ಹಚ್ಕೋತೇನಿ, ನನಗ ಗೊತ್ತಾಗೂದಿಲ್ಲೇನು? ಏನಲೇ, ಕಲಿತಾಂವ ನೀನ ಹಾಕಿಸ್ಕೊಂಡಿಲ್ಲ, ನನ್ನ ಮೊಮ್ಮಗಳಿಗೆ ಹಾಕಿಸ್ಬೇಕಂತ?”

ಎದುರು ಮನೆಯ ಬಾಗಿಲು ಮುಚ್ಚಿತು. ಆಮೇಲೆ ಅದರ ಪಕ್ಕದ್ದು. ಸೊಸೆ ಕೂಸನ್ನು ಎದೆಗೆ ಅವುಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ದೇವಿ ಡಾಕ್ಟರರು ಸುಳ್ಳು ಹೇಳಬಹುದಿತ್ತು. ಮೊದಲು ಹಾಕಿದ ಲಸಿಕೆ ಹತ್ತಲಿಲ್ಲ, ಅದಕ್ಕೇ ಹಾಗೆ ಕಾಣುತ್ತದೆ ಎಂದಿದ್ದರೆ ಅರ್ಧ ಜನ ನಂಬುತ್ತಿದ್ದರು.

“ಖರೇ ಐತಿ ಆಯಿ” ಎಂದರು. “ಇಂವ ಅಂಜ್ಯಾನ. ನಿಮ್ಮಂಗ ಇಂವಗೂ ಅಂಜಿಕಿ.” ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ, “ಹಾಕ್ಲೇನ ತಮ್ಮಾ? ಒಲ್ಲೆ ಅಂದ್ರ ಎದ್ದ ನಡಿ. ನಾ ಏನೂ ಅನ್ನೂದಿಲ್ಲ, ಚೀಟಿನೂ ಕಸ್ಕೊಳ್ಳೂದಿಲ್ಲ” ಎಂದರು.

ನಾನು ನೆಟ್ಟಗೆ ಕಟ್ಟೆಯ ಮೇಲೆ ಕೂತು ತೋಳು ಚಾಚಿದೆ ಎಂದು ನನಗೆ ನೆನಪಿದೆ. ನೀರು ಕೇಳಿದೆ, ಎರಡು ಸಲ ಎದ್ದು ನಿಂತೆ ಎಂದು ಗೆಳೆಯ ಹೇಳುತ್ತಾನೆ. ಅವನ ನೆನಪೇ ಸರಿಯಿರಬೇಕು, ಅದರಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲ. ಕೂತದ್ದಂತೂ ನಿಜ. ಸೂಜಿಯ ಎರಡು ಹಲ್ಲಿನ ನಡುವೆ ಲಸಿಕೆಯ ಹನಿ ನಿಂತಿತ್ತು. ಟಕಟಕ ಚುಚ್ಚಿದರು, ಒಂದೇ ಜಾಗದಲ್ಲಿ, ಹದಿನೈದು ಸಲ. ಮುದುಕಿ ಬಗ್ಗಿ ನೋಡಿದಳು, ತೋಳನ್ನಲ್ಲ, ನನ್ನ ಮುಖವನ್ನು.

“ಅಳಾಕತ್ಯಾನ” ಎಂದಳು ಸೊಸೆಗೆ. “ಇದು ನಾಟಕ ಅಲ್ಲ. ಈಗ ಖರೇನ ಹಾಕ್ಯಾರ.”

ಅವಳು ಹೂಂ ಎನ್ನಲಿಲ್ಲ. ಸೊಸೆ ಅದಕ್ಕಾಗಿ ಕಾಯಲೂ ಇಲ್ಲ. ಬಂದು ನನ್ನ ಪಕ್ಕದಲ್ಲಿ ಕೂತು ಕೂಸಿನ ತೋಳು ಮುಂದೆ ಹಿಡಿದಳು. ಕೂಸು ನನಗಿಂತ ಕಡಿಮೆ ಅತ್ತಿತು. ಹೊತ್ತು ಇಳಿಯುವವರೆಗೆ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಎಲ್ಲರಿಗಿಂತ ಕಡೆಗೆ ಮುದುಕಿ, “ಹೂಂ, ಮುದುಕಿ ತೊಗಲ ಗಟ್ಟಿ, ನಿನ್ನ ಸೂಜಿ ಮುರದೀತು” ಎನ್ನುತ್ತ ತೋಳು ಕೊಟ್ಟಳು.

ನನಗೆ ಮೂರು ದಿನ ಜ್ವರ ಬಂತು. ಓದಿದ್ದು ಮರೆಯಲಿಲ್ಲ. ಏಳನೆಯ ದಿನ ಅವರು ಹಾಸ್ಟೆಲ್ಲಿಗೆ ಬಂದು ನನ್ನ ತೋಳು ನೋಡಿ ತಲೆಯಾಡಿಸಿದರು. ತಿಂಗಳಾದ ಮೇಲೆ ಇನ್ನೊಮ್ಮೆ ಬಂದರು. ಬೇವಿನ ಸೊಪ್ಪಿನ ಮನೆಯ ಹುಡುಗ ಉಳಿಯಲಿಲ್ಲ. ಆ ಓಣಿಯಲ್ಲಿ ಬೇರೆ ಯಾರಿಗೂ ಬರಲಿಲ್ಲ. ಎರಡನ್ನೂ ಒಂದೇ ದನಿಯಲ್ಲಿ ಹೇಳಿ ಸೈಕಲ್ಲು ಹತ್ತಿದರು. ಮುಂದಿನ ವರ್ಷ ಅವರಿಗೆ ವರ್ಗವಾಯಿತು.

ಆ ದಿನದ ಬಗ್ಗೆ ನನಗೊಂದು ಅನುಮಾನ ಉಳಿಯಿತು. ಸಾವಿರಾರು ತೋಳು ನೋಡಿದ ಮನುಷ್ಯನಿಗೆ ಗೇರಿನ ಬೊಬ್ಬೆ ಗೊತ್ತಾಗಲಿಲ್ಲವೇ? ಗೊತ್ತಿದ್ದೇ ಕರೆದೊಯ್ದರೇ? ಓಣಿಯೊಳಗೆ ಮನೆಮನೆಗೆ ಹೋಗಿ ತೋಳು ತೋರಿಸಿರಿ ಎಂದು ಗೆಳೆಯನಿಗೂ ಇನ್ನೊಬ್ಬನಿಗೂ ದಾರಿಯಲ್ಲೇ ಹೇಳಿದವರು, ನನಗೆ ಮಾತ್ರ ಆ ಮೊದಲ ಕಟ್ಟೆ ದಾಟಬೇಡ ಎಂದಿದ್ದರು. ಆಗ ಅದು ಅವಮಾನ ಎನ್ನಿಸಿತ್ತು…

ಕೇಳಿಯೇ ಬಿಡೋಣವೆಂದು, ನನಗೂ ತಲೆ ಬೆಳ್ಳಗಾದ ಮೇಲೆ, ವಿಳಾಸ ಹುಡುಕಿಕೊಂಡು ರಾಮದುರ್ಗಕ್ಕೆ ಹೋದೆ. ಅವರ ಮಗಳು ಬಾಗಿಲು ತೆಗೆದಳು. “ಅಪ್ಪಾರು ತೀರ್ಕೊಂಡು ಎಂಟ ತಿಂಗಳಾತ್ರಿ” ಎಂದಳು. ಚಹಾ ಕೊಟ್ಟು, ಏನು ಕೆಲಸವಿತ್ತು ಎಂದು ಕೇಳಿದಳು. ಒಂದು ಮಾತು ಕೇಳುವುದಿತ್ತು ಎಂದೆ.

ಈಗ ನಾನೇ ತೀರ್ಮಾನಿಸಿಬಿಟ್ಟಿದ್ದೇನೆ. ಅವರಿಗೆ ಗೊತ್ತಿತ್ತು. ಚೀಟಿ ಬರೆಯುವಾಗಲೇ ಗೊತ್ತಿತ್ತು. ಅಂಜಿದವರ ಓಣಿಗೆ ಅಂಜಿದವನೊಬ್ಬ ಬೇಕೆಂದೇ ನನ್ನನ್ನು ಆರಿಸಿಕೊಂಡರು. ಈ ಮಾತನ್ನು ನಾನು ಗಟ್ಟಿಯಾಗಿ, ಯಾರೆದುರು ಬೇಕಾದರೂ ಹೇಳುತ್ತೇನೆ. ಅಲ್ಲ ಎನ್ನಬಹುದಾಗಿದ್ದ ಒಬ್ಬರೇ ಒಬ್ಬರು ಈಗಿಲ್ಲ.